ಮಡಚುವ ಚಾಕು: ಹರಿತ ನೋಡುವವರು ಕೀಲನ್ನೂ ನೋಡಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಹಾರ್ಡ್‌ವೇರ್ ಅಂಗಡಿಗಳಲ್ಲೂ ಜಾತ್ರೆಯ ಸಾಲುಗಳಲ್ಲೂ ಮಾರಾಟವಾಗುವ ಸಣ್ಣ ಮಡಚುವ ಚಾಕುಗಳ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ವಿಷಯಗಳನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಚಾಕು ಎಂದ ಕೂಡಲೇ ಪತ್ರಿಕೆಯ ಓದುಗರಿಗೆ ಇರಿತದ ಸುದ್ದಿ ನೆನಪಾಗುವುದು ಸಹಜ. ನಾನು ಬರೆಯುತ್ತಿರುವುದು ಕಸಿ ಕಟ್ಟಲು, ಗೋಣಿಚೀಲದ ಸುತಳಿ ಕೊಯ್ಯಲು, ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯಲು, ಹಣ್ಣು ಹೆಚ್ಚಲು ದುಡಿಯುವ ಜನ ಕಿಸೆಯಲ್ಲಿ ಇಟ್ಟುಕೊಳ್ಳುವ ಚಾಕುವಿನ ಬಗ್ಗೆ, ಮತ್ತು ಅದು ಕೆಲಸದ ನಡುವೆ ಮಡಚಿಕೊಂಡು ಹಿಡಿದವರ ಬೆರಳನ್ನೇ ಕೊಯ್ಯುವ ಬಗ್ಗೆ.

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನ ಮಗ ಕೆಲಗೇರಿ ಕಡೆಯ ನಮ್ಮ ತೋಟದಲ್ಲಿ ಆಪೂಸ್ ಮಾವಿನ ಮೃದುಕಾಂಡ ಕಸಿ ಕಟ್ಟುತ್ತಿದ್ದ. ಬೇರು ಸಸಿಯ ತಲೆಯನ್ನು ಕತ್ತರಿಸಿ, ಉಳಿದ ಕಾಂಡದ ನಡುವೆ ಮೂರು-ನಾಲ್ಕು ಸೆಂಟಿಮೀಟರ್ ಆಳದ ಸೀಳು ಕೊಟ್ಟು, ಬೆಣೆಯಂತೆ ಹೆರೆದ ಕಸಿ ಕಡ್ಡಿಯನ್ನು ಅದರಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುವ ಕೆಲಸವದು. ಆ ಒಂದು ಸಸಿಯ ಕಾಂಡ ಸ್ವಲ್ಪ ಬಲಿತಿದ್ದರಿಂದ ಅಲಗು ಸೀಳಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಅವನು ಎಲ್ಲರೂ ಮಾಡುವಂತೆ ಹಿಡಿಯನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಆಡಿಸಿದ. ಮೇಲಕ್ಕೆ ಎತ್ತಿದಾಗ ಏನೂ ಆಗಲಿಲ್ಲ. ಕೆಳಕ್ಕೆ ಒತ್ತಿದಾಗ ಕೀಲು ಮಣಿಯಿತು, ಅದೇ ಕ್ಷಣಕ್ಕೆ ಅಲಗು ಕಾಂಡದಿಂದ ಕಿತ್ತುಬಂದು ಹಿಡಿಯ ಸೀಳಿನೊಳಕ್ಕೆ ಟಕ್ಕೆಂದು ಬಿತ್ತು. ಹಿಡಿಯನ್ನು ಸುತ್ತಿ ಹಿಡಿದಿದ್ದ ಅವನ ತೋರುಬೆರಳು ಆ ದಾರಿಯಲ್ಲಿತ್ತು.

ರಕ್ತ ಬಹಳ ಹೋಗಲಿಲ್ಲ. ಹತ್ತಿರದ ಒಂದು ದವಾಖಾನೆಯಲ್ಲಿ ಗಾಯ ತೊಳೆದು, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಮೂರು ಹೊಲಿಗೆ ಹಾಕಿ ಮನೆಗೆ ಕಳಿಸಿದರು. ಸಣ್ಣ ಗಾಯ, ವಾರದಲ್ಲಿ ಮಾಯುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ನಾಲ್ಕನೆಯ ದಿನ ಬೆಳಿಗ್ಗೆ ಚಹಾದ ಕಪ್ಪನ್ನು ಹಿಡಿಯಲು ಹೋದವನು ಅದನ್ನು ಹಾಗೇ ಕೆಳಗಿಟ್ಟು, "ದೊಡ್ಡಪ್ಪಾ, ಬಟ್ಟಿನ ತುದಿ ಮಡಚವಲ್ದು" ಎಂದ. ಬೆರಳಿನ ನಡುಗಂಟನ್ನು ಹಿಡಿದು ತುದಿಯನ್ನು ಮಾತ್ರ ಮಡಚಲು ಹೇಳಿದೆ. ಉಳಿದ ಮೂರು ಬೆರಳು ಮಡಚಿದವು, ತೋರುಬೆರಳಿನ ತುದಿ ಮರದ ತುಂಡಿನಂತೆ ನೆಟ್ಟಗೆ ನಿಂತಿತ್ತು. ಬೆರಳನ್ನು ಮಡಚುವ ಸ್ನಾಯುರಜ್ಜು ಒಳಗೆ ತುಂಡಾಗಿತ್ತು. ಅದನ್ನು ಜೋಡಿಸಲು ಬೇರೆಯೇ ಶಸ್ತ್ರಚಿಕಿತ್ಸೆ ಆಯಿತು, ಆರು ವಾರ ಕೈಗೆ ಪಟ್ಟಿಯ ಆಧಾರ ಕಟ್ಟಿಕೊಂಡು ಇರಬೇಕಾಯಿತು, ಮೂರು ತಿಂಗಳು ಭಾರದ ಕೆಲಸ ಮಾಡುವ ಹಾಗಿರಲಿಲ್ಲ. ಕಸಿಯ ಹಂಗಾಮು ಅಷ್ಟರಲ್ಲಿ ಮುಗಿದು ಹೋಗಿತ್ತು.

ನಾನು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿ ದುಡಿದು ನಿವೃತ್ತನಾದವನು. ಕಬ್ಬಿಣ, ಉಕ್ಕು, ಸ್ಪ್ರಿಂಗ್, ರಿವೆಟ್ ಇವುಗಳೊಂದಿಗೇ ನನ್ನ ಜೀವನ ಕಳೆದಿದೆ. ಆದ್ದರಿಂದ ಆ ಚಾಕುವನ್ನು ಎಸೆಯಲು ಬಿಡದೆ ಮನೆಗೆ ತಂದು, ವಸ್ತುವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸಿನಲ್ಲಿ ಹಿಡಿಸಿ, ರಿವೆಟ್‌ಗಳ ತಲೆಯನ್ನು ಅರದಿಂದ ತಿಕ್ಕಿ, ಒಂದೊಂದೇ ಭಾಗವನ್ನು ಬಿಚ್ಚಿ ನೋಡಿದೆ. ಈ ಪತ್ರ ಬರೆಯಲು ಕಾರಣವಾದದ್ದು ಅಪಘಾತಕ್ಕಿಂತ ಹೆಚ್ಚಾಗಿ, ಬಿಚ್ಚಿದಾಗ ಕಂಡ ಸಂಗತಿ.

ಬೀಗವಿಲ್ಲದ, ಅಂದರೆ ತೆರೆದ ಅಲಗನ್ನು ಮಡಚದಂತೆ ತಡೆದು ನಿಲ್ಲಿಸುವ ಏರ್ಪಾಡಿಲ್ಲದ ಸಾಮಾನ್ಯ ಮಡಚುವ ಚಾಕುವಿನ ಒಳಗೆ ಇರುವುದು ಮೂರೇ ಮುಖ್ಯ ಭಾಗ. ಒಂದು ಅಲಗು, ಎರಡನೆಯದು ಅಲಗಿನ ಬುಡವನ್ನು ಹಿಡಿಗೆ ಜೋಡಿಸಿ ತಿರುಗಲು ಬಿಡುವ ರಿವೆಟ್, ಮೂರನೆಯದು ಹಿಡಿಯ ಬೆನ್ನಿನುದ್ದಕ್ಕೂ ಮಲಗಿರುವ ಉಕ್ಕಿನ ಪಟ್ಟಿ, ಅಂದರೆ ಸ್ಪ್ರಿಂಗ್. ಈ ಪಟ್ಟಿಯ ಒಂದು ತುದಿ ಹಿಡಿಯ ಹಿಂಭಾಗದಲ್ಲಿ ಬಿಗಿಯಾಗಿ ನಿಂತಿರುತ್ತದೆ, ಇನ್ನೊಂದು ತುದಿ ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಬುಡದಲ್ಲಿ ಸಪಾಟಾದ ಮುಖಗಳನ್ನು ಕಡೆದಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಒಂದು ಮುಖ, ಪೂರ್ತಿ ಮಡಚಿದಾಗ ಇನ್ನೊಂದು ಮುಖ ಸ್ಪ್ರಿಂಗ್‌ನ ಸಪಾಟಿಗೆ ಸರಿಯಾಗಿ ಕೂರುತ್ತದೆ. ನಡುವೆ ಬುಡದ ಮೂಲೆ ಸ್ಪ್ರಿಂಗನ್ನು ಎತ್ತಿ ಹಿಡಿಯುತ್ತದೆ. ತೆರೆದ ಅಲಗನ್ನು ಮಡಚಬೇಕಾದರೆ ಈ ಸ್ಪ್ರಿಂಗನ್ನು ಎತ್ತುವಷ್ಟು ಬಲ ಬೇಕು. ಅಷ್ಟೇ ಬಲ, ಕೆಲಸ ಮಾಡುವಾಗ ಅಲಗು ತಾನಾಗಿ ಮಡಚಿಕೊಳ್ಳದಂತೆ ನಮ್ಮ ಬೆರಳನ್ನು ಕಾಯುತ್ತದೆ. ಇದನ್ನೇ ನಾನು ಕೀಲಿನ ಬಿಗಿ ಎಂದು ಕರೆಯುತ್ತಿದ್ದೇನೆ.

ಆ ಚಾಕುವಿನ ಸ್ಪ್ರಿಂಗ್‌ಗೆ ಹದವೇ ಹಿಡಿದಿರಲಿಲ್ಲ. ಒಳ್ಳೆಯ ಸ್ಪ್ರಿಂಗನ್ನು ಇಂಗಾಲದ ಅಂಶ ಸಾಕಷ್ಟಿರುವ ಉಕ್ಕಿನಿಂದ ಮಾಡಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಆಮೇಲೆ ಮತ್ತೆ ಸುಮಾರು 300 ಡಿಗ್ರಿಯವರೆಗೆ, ಮೇಲ್ಮೈಗೆ ನೀಲಿ ಬಣ್ಣ ಬರುವವರೆಗೆ, ಕಾಯಿಸಿ ಹದಕ್ಕೆ ತರಬೇಕು. ಆಗ ಅದು ಬಾಗಿದರೂ ಮೊದಲಿನ ರೂಪಕ್ಕೆ ಮರಳುತ್ತದೆ. ನನ್ನ ಮುಂದಿದ್ದ ಪಟ್ಟಿಯನ್ನು ವೈಸಿನಲ್ಲಿ ಹಿಡಿದು ಇಕ್ಕಳದಿಂದ ಸ್ವಲ್ಪ ಬಗ್ಗಿಸಿದೆ. ಬಗ್ಗಿಸಿದಲ್ಲಿಯೇ ಉಳಿಯಿತು. ಅದು ಕಿಟಕಿಯ ಸರಳಿಗೆ ಬಳಸುವಂಥ ಮೆದು ಕಬ್ಬಿಣ. ಹೊಸದರಲ್ಲಿ ಅದಕ್ಕೂ ಸ್ವಲ್ಪ ಬಿಗಿ ಇದ್ದಿರಬೇಕು, ಅಂಗಡಿಯಲ್ಲಿ ಒಮ್ಮೆ ತೆರೆದು ನೋಡಿದವರಿಗೆ ಸರಿಯಾಗಿದೆ ಎಂದೇ ಅನಿಸಿರಬೇಕು. ಕೆಲವು ನೂರು ಸಲ ತೆರೆದು ಮಡಚುವಷ್ಟರಲ್ಲಿ ಪಟ್ಟಿ ಸೋತು ಹೋಗಿದೆ. ಜೊತೆಗೆ ಅಲಗಿನ ಬುಡದ ಮೂಲೆ ಚೂಪಾಗಿರುವ ಬದಲು ದುಂಡಗಾಗಿತ್ತು. ಮೂಲೆ ದುಂಡಗಾದರೆ ಅಲಗು ನಿಲ್ಲಬೇಕಾದಲ್ಲಿ ನಿಲ್ಲದೆ ಜಾರುತ್ತದೆ.

ಮೇಲೆ ಎತ್ತಿದಾಗ ಆಗದ್ದು ಕೆಳಗೆ ಒತ್ತಿದಾಗ ಏಕಾಯಿತು ಎಂಬುದನ್ನು ಈ ಚಾಕು ಬಳಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಅಲಗಿನ ಹರಿತದ ಕಡೆ ಕೆಳಗಿದ್ದು ಪದಾರ್ಥವನ್ನು ಕೊಯ್ಯುತ್ತಿರುವಾಗ, ಪದಾರ್ಥ ಅಲಗನ್ನು ತೆರೆಯುವ ದಿಕ್ಕಿಗೇ ದೂಡುತ್ತದೆ. ಆಗ ಅಲಗಿನ ಬುಡಕ್ಕೆ ಉಕ್ಕಿನ ತಡೆಯಿದೆ, ಭಯವಿಲ್ಲ. ಅಲಗಿನ ಬೆನ್ನಿನ ಮೇಲೆ ಭಾರ ಬಿದ್ದಾಗ, ತುದಿಯಿಂದ ಚುಚ್ಚುವಾಗ, ಅಥವಾ ಸಿಕ್ಕಿಕೊಂಡ ಅಲಗನ್ನು ಬಿಡಿಸಲು ಹಿಡಿಯನ್ನು ಕೆಳಕ್ಕೆ ಒತ್ತಿದಾಗ ಬಲ ಮಡಚುವ ದಿಕ್ಕಿಗೆ ತಿರುಗುತ್ತದೆ, ಮತ್ತು ಆ ದಿಕ್ಕಿನಲ್ಲಿ ತಡೆಯುವುದಕ್ಕೆ ಸ್ಪ್ರಿಂಗ್ ಬಿಟ್ಟರೆ ಬೇರೆ ಯಾವುದೂ ಇಲ್ಲ. ಒಂದು ಮಿತಿಯವರೆಗೆ ತೆರೆದಿಡಲು ಹೆಣಗುವ ಅದೇ ಸ್ಪ್ರಿಂಗ್, ಅಲಗು ಅರ್ಧಕ್ಕಿಂತ ಮುಂದೆ ಹೋದ ಮೇಲೆ ಅದನ್ನು ಒಳಕ್ಕೆ ಎಳೆಯತೊಡಗುತ್ತದೆ. ಬೆರಳು ತೆಗೆಯಲು ಸಮಯವೇ ಸಿಗುವುದಿಲ್ಲ.

ಸನ್ನೆಯ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಕೀಲಿನಿಂದ 3 ಸೆಂಟಿಮೀಟರ್ ದೂರದಲ್ಲಿ ಒತ್ತಿ ಅಲಗನ್ನು ಮಡಚಲು 2 ಕಿಲೋ ಬಲ ಬೇಕಾಗುತ್ತದೆ ಎಂದುಕೊಂಡರೆ, ಅದೇ ಅಲಗಿನ ತುದಿ 6 ಸೆಂಟಿಮೀಟರ್ ದೂರದಲ್ಲಿದ್ದರೆ ಅಲ್ಲಿ 1 ಕಿಲೋ ಬಲ ಸಾಕು. ಅಂದರೆ ಉಗುರಿನಿಂದ ತೆರೆಯುವಾಗ ಗಟ್ಟಿಯೆನಿಸಿದ ಚಾಕು ತುದಿಯಿಂದ ಚುಚ್ಚುವಾಗ ಅರ್ಧದಷ್ಟು ಮಾತ್ರ ಗಟ್ಟಿ. ಅಂಗಡಿಯವರೂ ಗಿರಾಕಿಗಳೂ ಉಗುರಿನ ಗೀರಿನ, ಅಂದರೆ ತೆರೆಯಲು ಉಗುರು ಸಿಕ್ಕಿಸುವ ಅಲಗಿನ ಮೇಲಿನ ಗೀರಿನ, ಹತ್ತಿರ ಹಿಡಿದು ಬಿಗಿಯನ್ನು ಅಂದಾಜು ಮಾಡುತ್ತಾರೆ, ಅಪಾಯ ಮಾತ್ರ ತುದಿಯಲ್ಲಿರುತ್ತದೆ. ಇದೇ ಲೆಕ್ಕದಿಂದ, ಕೀಲಿಕೈ ಗೊಂಚಲಿಗೆ ಹಾಕುವ ತೀರ ಪುಟ್ಟ ಚಾಕುಗಳಲ್ಲಿ ಇನ್ನೊಂದು ತೊಂದರೆ ಬರುತ್ತದೆ. ಅವುಗಳ ಅಲಗು ಗಿಡ್ಡ, ಉಗುರಿನ ಗೀರು ಕೀಲಿಗೆ ತೀರ ಹತ್ತಿರ. ಸ್ಪ್ರಿಂಗ್ ತುಸು ಬಿಗಿಯಾಗಿದ್ದರೂ ತೆರೆಯಲು ಉಗುರು ಕಿತ್ತುಬರುವಷ್ಟು ಬಲ ಬೇಕು, ಮಡಚುವಾಗ ಹಿಡಿಯಲು ಜಾಗವೇ ಇಲ್ಲ.

ಬಿಗಿ ಹೆಚ್ಚಿದಷ್ಟೂ ಒಳ್ಳೆಯದು ಎಂದು ಯಾರೂ ತಿಳಿಯಬಾರದೆಂದೇ ಈ ಮಾತು ಬರೆದೆ. ಅತಿ ಬಿಗಿಯಾದ ಚಾಕುವನ್ನು ಮಡಚಲು ಜನ ಅದನ್ನು ತೊಡೆಗೆ ಒತ್ತುತ್ತಾರೆ, ಎರಡೂ ಕೈಯಿಂದ ಹಿಂಡುತ್ತಾರೆ, ಹಾಗೆ ಹಿಂಡುವಾಗ ಅಲಗು ಒಮ್ಮೆಲೇ ಜಾರಿ ಬೆರಳ ಮೇಲೆ ಬೀಳುತ್ತದೆ. ಸಡಿಲ ಕೀಲು ಕೆಲಸದ ನಡುವೆ ಕೊಯ್ಯುತ್ತದೆ, ಅತಿ ಬಿಗಿಯಾದದ್ದು ಕೆಲಸ ಮುಗಿದ ಮೇಲೆ ಕೊಯ್ಯುತ್ತದೆ. ಇನ್ನೂ ಸಡಿಲವಾದ ಚಾಕು ಕಿಸೆಯಲ್ಲಿಯೇ ಬಾಯಿ ತೆರೆದುಕೊಂಡು, ರುಮಾಲು ತೆಗೆಯಲು ಕೈ ಹಾಕಿದವರನ್ನು ಕಾಯುತ್ತಿರುತ್ತದೆ.

ಹಾಗಾದರೆ ಸರಿಯಾದ ಬಿಗಿ ಎಷ್ಟು ಎಂದು ಓದುಗರು ಕೇಳಬಹುದು. ಅದು ಕೈಯಿಂದ ಕೈಗೆ ಸ್ವಲ್ಪ ವ್ಯತ್ಯಾಸವಾಗುತ್ತದೆ, ಕಸಿ ಕಟ್ಟುವ ಹೆಣ್ಣುಮಕ್ಕಳ ಬೆರಳಿಗೂ ಎಪಿಎಂಸಿಯ ಹಮಾಲರ ಬೆರಳಿಗೂ ಒಂದೇ ಅಳತೆ ಹೇಳಲಾಗದು. ಆದರೆ ಉಗುರು ನೋಯದಂತೆ ತೆರೆಯುವಷ್ಟು ಮೃದುವಾಗಿ, ಹಿಡಿಯನ್ನು ಹಿಡಿದು ಜೋರಾಗಿ ಕೊಡವಿದರೆ ಅಲಗು ಕದಲದಷ್ಟು ಗಟ್ಟಿಯಾಗಿ ಇರಬೇಕು ಎಂಬಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ನಾನು ಮನೆಯಲ್ಲಿ ಮಾಡಿದ ಪರೀಕ್ಷೆ ಸುಲಭವಾದದ್ದು. ಚಾಕುವಿನ ಹಿಡಿಯನ್ನು ವೈಸಿನಲ್ಲಿ ಅಡ್ಡಲಾಗಿ, ಹರಿತದ ಕಡೆ ಕೆಳಗೆ ಬರುವಂತೆ ಹಿಡಿಸಿ, ಅಲಗಿನ ಬೆನ್ನಿನ ಮೇಲೆ ತುದಿಯ ಹತ್ತಿರ ತಂತಿಯ ಕೊಕ್ಕೆಯಿಂದ ಒಂದು ಖಾಲಿ ಡಬ್ಬಿಯನ್ನು ತೂಗಹಾಕಿದೆ. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ನೀರು ಸುರಿಯುತ್ತ ಹೋದೆ. ಒಂದು ಲೀಟರ್ ನೀರು ಒಂದು ಕಿಲೋ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ತಮ್ಮನ ಮಗ ಅದೇ ಅಂಗಡಿಯಿಂದ ತಂದಿದ್ದ ಅಂಥದೇ ಇನ್ನೊಂದು ಚಾಕು ಅರ್ಧ ಲೀಟರ್ ತುಂಬುವ ಮೊದಲೇ ಬಾಗಿತು. ನನ್ನ ಬಳಿಯಿರುವ ಹಳೆಯ ಚಾಕು ಅದರ ಎರಡು ಪಟ್ಟಿಗಿಂತ ಹೆಚ್ಚು ತಾಳಿತು, ಆದರೂ ಅದನ್ನು ನನ್ನ ಹೆಂಡತಿ ಹೆಬ್ಬೆರಳ ಉಗುರಿನಿಂದ ಆರಾಮವಾಗಿ ತೆರೆಯುತ್ತಾಳೆ. ಇದನ್ನು ಮಾಡಿ ನೋಡುವವರು ಕೈಯನ್ನು ಅಲಗಿನ ಕೆಳಗೆ ತರಬಾರದು ಎಂಬ ಎಚ್ಚರಿಕೆಯನ್ನೂ ಬರೆದುಬಿಡುತ್ತೇನೆ.

ಆ ಹಳೆಯ ಚಾಕು ನನ್ನ ಅಜ್ಜನದು. ಅವರು ಎಲೆ ಅಡಿಕೆಯ ಚಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆ ಅದನ್ನು ಇಟ್ಟುಕೊಳ್ಳುತ್ತಿದ್ದರು. ಹಿಡಿಯ ಎರಡೂ ಕಡೆಯ ಕೋಡು ಹಳದಿಯಾಗಿ ನುಣುಪಾಗಿದೆ, ಅಲಗು ಸಾಣೆ ಹಿಡಿದು ಹಿಡಿದು ಅರ್ಧ ಅಗಲಕ್ಕೆ ಇಳಿದಿದೆ. ಅಷ್ಟಾದರೂ ಅದನ್ನು ತೆರೆದು ಬೆನ್ನಿನ ಮೇಲೆ ಬೆರಳಾಡಿಸಿದರೆ ಅಲಗು ಎಲ್ಲಿ ಮುಗಿದು ಸ್ಪ್ರಿಂಗ್ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ, ಮಡಚಿದಾಗಲೂ ಹಾಗೆಯೇ. ಅರ್ಧ ಮಡಚಿದಾಗ, ಅಂದರೆ ಅಲಗು ಹಿಡಿಗೆ ಕಾಟಕೋನದಲ್ಲಿ (ಲಂಬಕೋನದಲ್ಲಿ) ನಿಂತಾಗ, ಬುಡದ ಮೂರನೆಯ ಸಪಾಟು ಮುಖ ಸ್ಪ್ರಿಂಗ್‌ಗೆ ಕೂತು ಅಲಗು ಅಲ್ಲಿಯೇ ನಿಲ್ಲುತ್ತದೆ. ಇದನ್ನು ಮಾಡಿದ ಕಮ್ಮಾರ ಯಾರೋ ತಿಳಿಯದು, ಬೆರಳಿನ ಬಗ್ಗೆ ಯೋಚಿಸಿ ಮಾಡಿದವನು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಈ ನಡುನಿಲುಗಡೆ ಇದ್ದರೆ ಮಡಚುವವರು ಅಲ್ಲಿ ತಡೆದು, ಬೆರಳನ್ನು ದಾರಿಯಿಂದ ತೆಗೆದು, ಆಮೇಲೆ ಉಳಿದರ್ಧವನ್ನು ಮಡಚಬಹುದು. ಈಗ ಅಗ್ಗದ ಬೆಲೆಗೆ ಬರುವ ಚಾಕುಗಳಲ್ಲಿ ನಾನು ನೋಡಿದ ಬಹುಪಾಲು ಚಾಕುಗಳಲ್ಲಿ ಇದಿಲ್ಲ.

ಆದ್ದರಿಂದ ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟು. ಅಂಗಡಿಯವರು "ಹರಿತ ಐತ್ರೀ, ಕಾಗದ ಕೊಯ್ದು ನೋಡ್ರಿ" ಎಂದು ಕೊಟ್ಟಾಗ ಕಾಗದವನ್ನು ಆಮೇಲೆ ಕೊಯ್ಯಿರಿ. ಹರಿತ ಹೋದರೆ ಸಾಣೆ ಹಿಡಿಯುವವರು ಬೀದಿಗೇ ಬರುತ್ತಾರೆ, ಕೀಲು ಕೆಟ್ಟರೆ ಸರಿಮಾಡುವವರು ಯಾರೂ ಬರುವುದಿಲ್ಲ. ಮೊದಲು ಅಲಗನ್ನು ನಿಧಾನವಾಗಿ ಹತ್ತು ಸಲ ತೆರೆದು ಮಡಚಿ, ಬಿಗಿ ಹತ್ತನೆಯ ಸಲವೂ ಮೊದಲಿನಷ್ಟೇ ಇದೆಯೇ ನೋಡಿ. ತೆರೆದ ಅಲಗಿನ ತುದಿಯನ್ನು ಬೆನ್ನಿನ ಕಡೆಯಿಂದ ಹಿಡಿದು ಎಡಬಲಕ್ಕೂ ಮೇಲೆ ಕೆಳಗೂ ಅಲ್ಲಾಡಿಸಿ. ಎಡಬಲಕ್ಕೆ ಕೂದಲಿನಷ್ಟು ಆಡಿದರೆ ರಿವೆಟ್ ಸಡಿಲ ಎಂದರ್ಥ, ಅದನ್ನು ಕೆಲವೊಮ್ಮೆ ಸುತ್ತಿಗೆಯ ಮೆಲುಪೆಟ್ಟಿನಿಂದ ಸರಿಪಡಿಸಬಹುದು. ಮೇಲೆ ಕೆಳಗೆ ಆಡಿದರೆ ಬುಡವೂ ಸ್ಪ್ರಿಂಗೂ ಸರಿಯಾಗಿ ಕೂಡುತ್ತಿಲ್ಲ, ಅಂಥ ಚಾಕುವನ್ನು ಎಷ್ಟೇ ಅಗ್ಗವಾದರೂ ಅಲ್ಲಿಯೇ ಇಟ್ಟು ಬನ್ನಿ. ತೆರೆದು ಮುಗಿಯುವಾಗ ಕೇಳುವ ಸದ್ದಿಗೂ ಕಿವಿಗೊಡಿ. ಹದ ಹಿಡಿದ ಸ್ಪ್ರಿಂಗ್ ಚುರುಕಾಗಿ ಟಕ್ಕೆನ್ನುತ್ತದೆ, ಮೆದು ಸ್ಪ್ರಿಂಗ್ ಮಂದವಾಗಿ ಜಾರಿ ಕೂರುತ್ತದೆ.

ಮಡಚುವ ರೀತಿಯನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ. ಒಂದೇ ಕೈಯಲ್ಲಿ ಹಿಡಿದು ಬೆರಳಿನಿಂದ ದೂಡಿ ಮಡಚುವುದನ್ನು ಹುಡುಗರು ಚಮತ್ಕಾರವೆಂಬಂತೆ ಮಾಡುತ್ತಾರೆ. ಹಿಡಿಯನ್ನು ಎಡಗೈಯಲ್ಲಿ ಎರಡು ಪಕ್ಕಗಳಿಂದ ಮಾತ್ರ ಹಿಡಿದು, ಯಾವ ಬೆರಳೂ ಸೀಳಿನ ಮೇಲೆ ಸುತ್ತಿಕೊಳ್ಳದಂತೆ ನೋಡಿಕೊಂಡು, ಬಲಗೈಯ ಅಂಗೈಯನ್ನು ಅಲಗಿನ ಬೆನ್ನಿಗೆ ಚಪ್ಪಟೆಯಾಗಿ ಕೊಟ್ಟು ಅರ್ಧಕ್ಕೆ ತರಬೇಕು. ಅಲ್ಲಿ ಒಮ್ಮೆ ನಿಲ್ಲಿಸಿ ಬೆರಳುಗಳನ್ನು ನೋಡಿಕೊಳ್ಳಬೇಕು. ಉಳಿದರ್ಧವನ್ನು ಸ್ಪ್ರಿಂಗ್ ಎಳೆದುಕೊಳ್ಳಲು ಬಿಡದೆ, ಅಲಗಿನ ಬೆನ್ನನ್ನು ಬೆರಳ ತುದಿಗಳಿಂದ ಹಿಡಿದು ನಿಧಾನವಾಗಿ ಒಳಗಿಳಿಸಬೇಕು. ಟಕ್ಕೆಂದು ಬಿಟ್ಟರೆ ಅನೇಕ ಚಾಕುಗಳಲ್ಲಿ ಹರಿತದ ಅಂಚು ಒಳಗಿನ ಸ್ಪ್ರಿಂಗ್‌ಗೆ ಬಡಿದು ಮೊಂಡಾಗುತ್ತದೆ, ಆದ್ದರಿಂದ ನಿಧಾನ ಬೆರಳಿಗೂ ಒಳ್ಳೆಯದು, ಅಲಗಿಗೂ ಒಳ್ಳೆಯದು. ಕಾಂಡದಲ್ಲಿ ಅಲಗು ಸಿಕ್ಕಿಕೊಂಡರೆ ಹಿಡಿಯನ್ನು ಆಡಿಸದೆ, ಹೋದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಎಳೆಯಬೇಕು. ತುದಿಯಿಂದ ಚುಚ್ಚುವ ಕೆಲಸಕ್ಕೆ, ಡಬ್ಬಿಯ ಮುಚ್ಚಳ ಮೀಟುವುದಕ್ಕೆ ಮಡಚುವ ಚಾಕುವನ್ನು ಬಳಸಲೇಬಾರದು.

ನಮ್ಮ ಭಾಗದ ಬಳಕೆಗೆ ಸೇರಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಕೀಲು ಬಿಗಿಯಾದರೆ ಅಡುಗೆಮನೆಯ ಶೇಂಗಾ ಎಣ್ಣೆಯನ್ನೋ ಕುಸುಬಿ ಎಣ್ಣೆಯನ್ನೋ ಒಂದು ಹನಿ ಬಿಡುತ್ತೇವೆ. ಆ ದಿನ ಅದು ಮೃದುವಾಗುತ್ತದೆ ನಿಜ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ವಾರ್ನಿಶ್‌ನಂತೆ ಹೆಪ್ಪುಗಟ್ಟುವ ಗುಣವುಳ್ಳದ್ದು, ಬಣ್ಣಗಳಲ್ಲಿಯೂ ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಕೆಲವು ವಾರಗಳಲ್ಲಿ ಆ ಎಣ್ಣೆ, ಧೂಳು, ಮಾವಿನ ಸೊನೆ ಮೂರೂ ಸೇರಿ ಕೀಲಿನಲ್ಲಿ ಅಂಟಾಗಿ ನಿಲ್ಲುತ್ತವೆ. ಆಗ ಸ್ಪ್ರಿಂಗ್ ಸೋತಿದ್ದರೂ ಅಂಟಿನ ದೆಸೆಯಿಂದ ಚಾಕು ಬಿಗಿಯಾಗಿಯೇ ತೋರುತ್ತದೆ, ಬಿಸಿಲಿಗೆ ಅಂಟು ಸಡಿಲಿದ ದಿನ ಕೈಕೊಡುತ್ತದೆ. ಸೀಮೆಎಣ್ಣೆಯಲ್ಲಿ ಕೀಲನ್ನು ತೊಳೆದು, ಒಣ ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಒಂದೇ ಹನಿ ಬಿಟ್ಟರೆ ಸಾಕು. ತೊಳೆದ ಮೇಲೆ ಕಾಣುವ ಬಿಗಿಯೇ ಆ ಚಾಕುವಿನ ನಿಜವಾದ ಬಿಗಿ.

ಬೀಗವಿರುವ ಮಡಚುವ ಚಾಕುಗಳನ್ನು ಕೊಂಡರಾಯಿತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ತೋಟದ ಕೆಲಸಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬವರು ಮಾಡಲಾರಂಭಿಸಿದ ಕಟ್ಟಿಗೆ ಹಿಡಿಯ ರೈತರ ಚಾಕುವಿಗೆ 1955ರಲ್ಲಿ ಒಂದು ಉಕ್ಕಿನ ಬಳೆ ಸೇರಿತು. ಕೀಲಿನ ಸುತ್ತ ಇರುವ ಆ ಬಳೆಯನ್ನು ತುಸು ತಿರುಗಿಸಿದರೆ ಅದರ ಸೀಳು ಮುಚ್ಚಿ ಅಲಗು ಮಡಚಲಾಗದಂತೆ ನಿಲ್ಲುತ್ತದೆ. ಅದರಲ್ಲಿ ಗುಟ್ಟಿನ ವಿದ್ಯೆ ಏನೂ ಇಲ್ಲ, ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ಸಣ್ಣ ಕಾರ್ಖಾನೆಯೊಂದು ಮನಸ್ಸು ಮಾಡಿದರೆ ಅಂಥ ಬಳೆಯನ್ನು ಮಾಡಬಲ್ಲದು. ಬೀಗ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎಂದೂ ಅಲ್ಲ. ಹಿಡಿಯ ಒಳಗಿನ ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುವಂಥ ಬೀಗದಲ್ಲಿ, ಆ ತಗಡು ಬುಡದ ಅಂಚಿಗೆ ಮಾತ್ರ ತಾಗಿದ್ದರೆ ಒಂದು ಪೆಟ್ಟಿಗೆ ಜಾರುತ್ತದೆ. ಜೊತೆಗೆ ಅದನ್ನು ಬಿಡಿಸುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲಿಯೇ ಇರುತ್ತದೆ.

ಕಾನೂನಿನ ಬಗ್ಗೆ ಅನೇಕರಿಗೆ ಅನಗತ್ಯ ಭಯವಿದೆ. ಇಂಗ್ಲೆಂಡಿನಲ್ಲಿ 1988ರ ಕಾಯ್ದೆಯ ಪ್ರಕಾರ 3 ಇಂಚಿಗಿಂತ ಹೆಚ್ಚಿಲ್ಲದ ಮಡಚುವ ಚಾಕುವನ್ನು ಕಾರಣ ಹೇಳದೆ ಕಿಸೆಯಲ್ಲಿ ಇಟ್ಟುಕೊಳ್ಳಬಹುದು, ಬೀಗವಿರುವ ಚಾಕುವನ್ನು ಅಲ್ಲಿನ ನ್ಯಾಯಾಲಯಗಳು ಈ ವಿನಾಯಿತಿಯಿಂದ ಹೊರಗಿಟ್ಟಿವೆ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು, 2016ರ ಪಟ್ಟಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಹೆಸರಿಸುತ್ತದೆ. ಅದರಲ್ಲಿಯೂ ಮನೆಬಳಕೆ, ಕೃಷಿ, ವೈಜ್ಞಾನಿಕ ಹಾಗೂ ಕೈಗಾರಿಕಾ ಉದ್ದೇಶಕ್ಕೆ ಮಾಡಿದವುಗಳನ್ನು ಬಿಟ್ಟಿದೆ. ಮೂರು ಇಂಚಿನ ಕಸಿ ಚಾಕುವಿಗೆ ಬೀಗ ಹಾಕಲು ಈ ನಿಯಮ ಅಡ್ಡಿಯಾಗಿಲ್ಲ. ಗುಂಡಿ ಒತ್ತಿದರೆ ಹಾರಿ ತೆರೆಯುವ ಚಾಕುಗಳ ಪರವಾಗಿ ನಾನು ಮಾತಾಡುತ್ತಿಲ್ಲ. ನಿಷೇಧಾಜ್ಞೆ ಜಾರಿಯಲ್ಲಿರುವ ದಿನ ಪೇಟೆಗೆ ಬರುವವರು ಚಾಕುವನ್ನು ತೋಟದಲ್ಲಿಯೇ ಇಟ್ಟು ಬರುವುದು ಕ್ಷೇಮ.

ಇನ್ನು ಯಾರು ಏನು ಮಾಡಬಹುದು ಎಂಬ ಮಾತು. ಅಂಗಡಿಯವರು ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ ಬರುವ ಚಾಕುವನ್ನು ಬಿಚ್ಚಿ, ಗಿರಾಕಿಗೆ ತೆರೆದು ಮಡಚಿ ನೋಡಲು ಬಿಡಬೇಕು. ಬಿಚ್ಚಿದರೆ ಮಾಲು ಹೋಗುವುದಿಲ್ಲ ಎಂಬ ಅವರ ಕಷ್ಟ ನನಗೆ ಗೊತ್ತಿದೆ, ಪ್ರತಿ ಬಗೆಯಲ್ಲೂ ಒಂದನ್ನು ಬಿಚ್ಚಿಟ್ಟರೂ ಆಗುತ್ತದೆ. ಚಾಕುವಿನ ಮೇಲೆ ಅಥವಾ ಹೊದಿಕೆಯ ಮೇಲೆ ಬೀಗ ಇದೆಯೋ ಇಲ್ಲವೋ ಎಂಬುದನ್ನು ತಯಾರಿಸುವವರು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಶಿವರಾತ್ರಿಯ ಸಿದ್ಧಾರೂಢರ ಜಾತ್ರೆಯಂಥ ದೊಡ್ಡ ಜಾತ್ರೆಗಳಲ್ಲಿ ಬಣ್ಣದ ಪುಟ್ಟ ಚಾಕುಗಳು ಆಟಿಕೆಗಳ ಪಕ್ಕದಲ್ಲಿಯೇ ಹರಡಿರುತ್ತವೆ, ಮಕ್ಕಳು ಪೆನ್ಸಿಲ್ ಕೆತ್ತಲೆಂದು ಕೊಳ್ಳುತ್ತಾರೆ. ಅವನ್ನು ಮಕ್ಕಳ ಕೈಗೆ ಮಾರಬಾರದೆಂದು ವ್ಯಾಪಾರಿಗಳಿಗೆ ತಿಳಿಹೇಳುವುದು ಜಾತ್ರಾ ಸಮಿತಿಗಳಿಂದ ಆಗುವ ಕೆಲಸ.

ನನ್ನ ಮುಖ್ಯ ಬೇಡಿಕೆ ತರಬೇತಿ ಕೊಡುವವರಲ್ಲಿ. 1986ರಿಂದ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅದರ ಕೃಷಿ ಮೇಳಕ್ಕೆ ಈ ಎಲ್ಲ ಜಿಲ್ಲೆಗಳ ರೈತರು ತಂಡತಂಡವಾಗಿ ಬರುತ್ತಾರೆ. ನವಲೂರಿನ ಪೇರಲ ತೋಟಗಳಿಂದ ಹಿಡಿದು ಹಾವೇರಿ ಜಿಲ್ಲೆಯ ಮಾವಿನ ತೋಟಗಳವರೆಗೆ ಕಸಿ ಸಸಿಗೆ ಬೇಡಿಕೆಯಿದೆ, ಈ ಕೆಲಸದಿಂದ ಅನೇಕ ಯುವಕ ಯುವತಿಯರ ಹೊಟ್ಟೆ ತುಂಬುತ್ತಿದೆ. ಕಸಿ ಕಟ್ಟುವುದನ್ನು ಯಾರೇ ಕಲಿಸಲಿ, ಕಡ್ಡಿಯ ಆಯ್ಕೆ, ಸೀಳಿನ ಆಳ, ಪಟ್ಟಿಯ ಬಿಗಿ ಇವುಗಳ ಜೊತೆಗೆ ಮೊದಲ ಹತ್ತು ನಿಮಿಷವನ್ನು ಚಾಕುವಿನ ಕೀಲಿಗೆ ಕೊಡಬೇಕು. ಪ್ರತಿಯೊಬ್ಬರ ಚಾಕುವನ್ನೂ ತರಿಸಿ, ಕೊಡವಿ ನೋಡಿ, ಕೆಟ್ಟದ್ದನ್ನು ಆ ದಿನವೇ ಬದಿಗಿಡಬೇಕು. ಮೇಳದಲ್ಲಿ ಮಡಚದ, ಒರೆಯಲ್ಲಿ ಇಡುವ ಕಸಿ ಚಾಕುಗಳನ್ನೂ ಒಂದು ಮೂಲೆಯಲ್ಲಿ ತೋರಿಸಿದರೆ ಉಪಕಾರವಾಗುತ್ತದೆ. ದಿನವಿಡೀ ಕಸಿ ಕಟ್ಟುವವರಿಗೆ ಕೀಲೇ ಇಲ್ಲದ ಚಾಕು ಎಲ್ಲಕ್ಕಿಂತ ಭದ್ರ.

ಕೊನೆಯದಾಗಿ ಗಾಯವಾದವರಿಗೆ ಒಂದು ಮಾತು, ಏಕೆಂದರೆ ನಾವು ನಾಲ್ಕು ದಿನ ಕಳೆದುಕೊಂಡದ್ದು ಇದನ್ನು ತಿಳಿಯದೆ. ಬೆರಳಿನ ಒಳಮೈಯಲ್ಲಿ ಚಾಕು ಕೊಯ್ದರೆ ಅರಿಶಿನ, ಕಾಫಿ ಪುಡಿ ತುಂಬದೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಿಡಿ. ರಕ್ತ ನಿಂತಿತೆಂದು ಸುಮ್ಮನಾಗದೆ ಬೆರಳಿನ ಪ್ರತಿ ಗಂಟನ್ನೂ ಬೇರೆ ಬೇರೆಯಾಗಿ ಮಡಚಲು ಬರುತ್ತದೆಯೇ, ತುದಿಗೆ ಮುಟ್ಟಿದ್ದು ತಿಳಿಯುತ್ತದೆಯೇ ನೋಡಿಕೊಳ್ಳಿ. ಬಾರದಿದ್ದರೆ ಅಥವಾ ಜೋಮು ಹಿಡಿದಂತಿದ್ದರೆ ಆ ದಿನವೇ ಡಾಕ್ಟರಿಗೆ ಅದನ್ನು ಬಾಯಿಬಿಟ್ಟು ಹೇಳಿ. ತುಂಡಾದ ರಜ್ಜು ದಿನ ಕಳೆದಂತೆ ಅಂಗೈಯ ಕಡೆಗೆ ಜಗ್ಗಿಕೊಳ್ಳುತ್ತದೆ, ತಡವಾದಷ್ಟೂ ಅದನ್ನು ಜೋಡಿಸುವುದು ಕಷ್ಟವಾಗುತ್ತದೆ. ನಮ್ಮ ಹುಡುಗನ ಬೆರಳು ಈಗ ಮುಕ್ಕಾಲು ಭಾಗ ಮಡಚುತ್ತದೆ. ಈ ವರ್ಷ ಅವನು ಒರೆಯಲ್ಲಿಡುವ ಚಾಕು ಹಿಡಿದು ಮತ್ತೆ ಕಸಿ ಕಟ್ಟಲು ಕೂತಿದ್ದಾನೆ, ದಿನಕ್ಕೆ ಮೊದಲಿನ ಅರ್ಧದಷ್ಟು ಸಸಿ ಆಗುತ್ತಿವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಧಾರವಾಡ